ಕನ್ನಡಿ ಹಿಡಿದವಳು

ನಮ್ಮ ಮನೆಯಲ್ಲಿ ಅಮ್ಮನವರ ಕಣ್ಣನ್ನು ಎಲ್ಲಕ್ಕಿಂತ ಕಡೆಗೆ ಬರೆಯುತ್ತಿದ್ದರು. ಬಟ್ಟೆಯ ಮೇಲೆ ದೇವಿಯ ಸೀರೆ, ಒಡವೆ, ಸಿಂಹ, ತೋರಣ ಎಲ್ಲ ಮುಗಿದು, ಹೊಳೆಯಲ್ಲಿ ಜಾಲಿಸಿ ಒಣಗಿಸಿ ತಂದ ಮೇಲೂ ಆ ಮುಖಕ್ಕೆ ಕಣ್ಣಿರುತ್ತಿರಲಿಲ್ಲ. ಅರಿಶಿನದ ಬಟ್ಟೆ ಮುಚ್ಚಿಡುತ್ತಿದ್ದೆವು. ಶುಕ್ರವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಏನೂ ತಿನ್ನದೆ ಒಬ್ಬರು ಕೂತು ಕಣ್ಣು ಬರೆಯಬೇಕು. ಬರೆದ ಕೂಡಲೇ ಇನ್ನೊಬ್ಬರು ಎದುರಿಗೆ ಕನ್ನಡಿ ಹಿಡಿಯಬೇಕು. ದೇವಿಯ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು, ತನ್ನ ಮೇಲೆಯೇ ಬೀಳಬೇಕು ಎಂದು. ಆ ಕನ್ನಡಿ ಹಿಡಿಯುವವಳು ನಾನು, ಹಿರೀ ಸೊಸೆ. ಬೇರೆ ಮನೆಯ ಸೊಸೆಯರು ಚಿನ್ನದ ಸರಕ್ಕೆ ಆಸೆಪಡುತ್ತಿದ್ದರು. ನನಗೆ ಹಿಡಿದದ್ದು ಕಣ್ಣು ಬರೆಯುವ ಆ ಬಿದಿರು ಕಡ್ಡಿಯ ಹುಚ್ಚು.

ಮನೆ ಇದ್ದದ್ದು ಮಧುಗಿರಿಯಲ್ಲಿ, ಬೆಟ್ಟದ ಬುಡದ ಬೀದಿಯಲ್ಲಿ. ಮಾವನವರು ಗರ್ಭಗುಡಿಯ ಮುಂದೆ ಇಳಿಬಿಡುವ ಪರದೆ ಬರೆಯುತ್ತಿದ್ದರು. ಹೆಚ್ಚಿನವು ಹತ್ತಿ ಬಟ್ಟೆಯವು, ಉಳ್ಳವರು ಕೇಳಿದರೆ ರೇಷ್ಮೆ. ಗಂಡುಮಕ್ಕಳಿಬ್ಬರಿಗೂ ಗೆರೆ ಒಲಿದಿರಲಿಲ್ಲ. ನನ್ನ ಯಜಮಾನರು ಬಟ್ಟೆ ಕುದಿಸಿ ಒಗೆಯುವುದರಲ್ಲಿ ಗಟ್ಟಿಗರು, ಮೈದುನ ಕೊರಟಗೆರೆ, ಪಾವಗಡ ಎಂದು ತಿರುಗಿ ಗಿರಾಕಿ ಹಿಡಿಯುವುದರಲ್ಲಿ. ಗೆರೆಗಳ ಒಳಗೆ ಬಣ್ಣ ತುಂಬುವ ಕೆಲಸ ನನ್ನದು. ನನ್ನ ತವರು ಶಿರಾ. ನಮ್ಮಪ್ಪ ನೂಲಿಗೆ, ಬಟ್ಟೆಗೆ ಬಣ್ಣ ಹಾಕುವವರೇ ಹೊರತು ಬರೆಯುವವರಲ್ಲ. ಅತ್ತೆ ಈ ಮಾತನ್ನು ದಿನಕ್ಕೊಂದು ಸಲ ಎತ್ತಿ ಆಡದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ.

“ಬಣ್ಣ ಅದ್ದೋರ ಮನೆ ಹೆಣ್ಣು ಕಣಮ್ಮ. ಗೆರೆ ಬೆಲೆ ಅವಳಿಗೇನು ಗೊತ್ತಾಯ್ತದೆ?” ಎಂದು ನೀರು ಸೇದಲು ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಮಾವನವರ ಕಣ್ಣಿಗೆ ಪೊರೆ ಬಂತು. ದೊಡ್ಡ ಗೆರೆಗಳನ್ನು ಹೇಗೋ ಅಂದಾಜಿನಲ್ಲಿ ಎಳೆಯುತ್ತಿದ್ದರು, ಕಣ್ಣು ಬರೆಯುವುದು ಆಗುತ್ತಿರಲಿಲ್ಲ. ಅದೇ ಹೊತ್ತಿಗೆ ಮೈದುನನ ಮದುವೆಯಾಗಿ ಪಾವಗಡದ ಆಚೆ, ತಿರುಮಣಿ ಕಡೆಯಿಂದ ಅವಳು ಬಂದಳು. ಬರೆಯುವವರ ಮನೆಯ ಹೆಣ್ಣು. ಅರ್ಧ ಕನ್ನಡ, ಅರ್ಧ ತೆಲುಗು, ಗಾಬರಿಯಾದರೆ ಪೂರಾ ತೆಲುಗು. ಅವಳ ಕಾಲಿನ ಅರಿಶಿನ ಇನ್ನೂ ಆರಿರಲಿಲ್ಲ, ಒಬ್ಬ ವರ್ತಕರ ಮನೆಯಿಂದ ರೇಷ್ಮೆ ಪರದೆಯ ಕೆಲಸ ಬಂತು. ಮಾವನವರು ನನ್ನನ್ನು ಕರೆದು, “ದೊಡ್ಡವಳೇ, ಈ ಸಲ ಕಣ್ಣು ನೀನೇ ಬರಿಯವ್ವ” ಎಂದರು. ಅವತ್ತು ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಹತ್ತಿ ಬಟ್ಟೆಯನ್ನು ನಾವು ಅಳಲೆಕಾಯಿ ಅರೆದು ಕಲಸಿದ ಎಮ್ಮೆ ಹಾಲಿನಲ್ಲಿ ನೆನೆಸಿ ಒಣಗಿಸುತ್ತಿದ್ದೆವು. ಕಬ್ಬಿಣದ ಚೂರು, ಬೆಲ್ಲ ಹಾಕಿ ಗಡಿಗೆಯಲ್ಲಿ ಕೊಳೆಸಿದ ನೀರು, ನಾವು ಕರಿ ಎನ್ನುತ್ತಿದ್ದದ್ದು, ಆ ಬಟ್ಟೆಗೆ ತಾಗಿದ ತಕ್ಷಣ ಕಪ್ಪಾಗುತ್ತದೆ. ರೇಷ್ಮೆಗೆ ಹಾಲಿಲ್ಲ, ತೆಳ್ಳಗಿನ ಅಳಲೆ ನೀರು ಮಾತ್ರ. ಅದರ ಮೇಲೆ ಕರಿ ನಿಧಾನವಾಗಿ ಏರುತ್ತದೆ, ಕಾಯಬೇಕು. ನನಗಿದು ಗೊತ್ತಿರಲಿಲ್ಲ ಎಂದಲ್ಲ, ನನ್ನ ಕೈಗೆ ಗೊತ್ತಿರಲಿಲ್ಲ. ಎಡಗಣ್ಣಿನ ರೆಪ್ಪೆ ಎಳೆದೆ, ಗೆರೆ ಮಾಸಲಾಗಿ ಕಂಡಿತು. ಸಾಲದೆಂದು ಮೇಲೊಂದು ಎಳೆದೆ. ನೋಡನೋಡುತ್ತಲೇ ಎರಡೂ ಏರಿ, ಹರಡಿ, ಅಮ್ಮನವರ ಕಾಡಿಗೆ ಅತ್ತು ಕರಗಿದ ಹಾಗಾಯಿತು.

ನಾನು ಸೆರಗಿನ ತುದಿಯಿಂದ ಒರೆಸಲು ಹೋದೆ.

“ಅಕ್ಕಾ, ಉಂಡು, ಉಂಡು! ಒರೆಸ್ಬ್ಯಾಡ!” ಎಂದು ಅವಳು, ತಾಳು ತಾಳು ಎನ್ನುವುದನ್ನು ತೆಲುಗಿನಲ್ಲೇ ಕೂಗುತ್ತಾ, ಓಡಿಬಂದು ನನ್ನ ಕೈ ಹಿಡಿದಳು. ನನ್ನ ಬೆರಳಿನಿಂದ ಕಡ್ಡಿ ಬಿಡಿಸಿಕೊಂಡು ಅಲ್ಲೇ ಕೂತಳು. ನಾನು ಹರಡಿದ್ದ ಕಪ್ಪನ್ನೇ ರೆಪ್ಪೆಯ ದಪ್ಪ ಮಾಡಿ ಕಿವಿಯ ಕಡೆಗೆ ಎಳೆದಳು, ಬಲಗಣ್ಣನ್ನೂ ಅದಕ್ಕೆ ಸರಿಯಾಗಿ ಅಷ್ಟೇ ದೊಡ್ಡದು ಬರೆದಳು. ಅಬ್ಬಾ, ಆ ಕಣ್ಣು! ಪರದೆಯಿಂದ ಎದ್ದು ಬಂದು ಮಾತಾಡಿಸುವ ಹಾಗಿತ್ತು. ನನಗೆ ಕನ್ನಡಿ ಹಿಡಿಯುವುದೇ ಮರೆತುಹೋಗಿ ಅತ್ತೆ ಹಿಡಿದರು.

ನನ್ನ ಮಾನ ಉಳಿಸಿದಳು ಎಂದು ನಾನು ಅವಳ ಕಾಲಿಗೆ ಬೀಳಬೇಕಿತ್ತೇನೋ. ಮೈಯೆಲ್ಲ ಉರಿದುಹೋಯಿತು. ಬಟ್ಟೆ ಹಾಳಾಗಿದ್ದರೆ ನಾಲ್ಕು ದಿನ ಬೈಸಿಕೊಂಡು ಇನ್ನೊಂದರ ಮೇಲೆ ಕೈ ತಿದ್ದಿಕೊಳ್ಳುತ್ತಿದ್ದೆ. ಅವಳು ಅದನ್ನು ಉಳಿಸಿದ್ದರಿಂದ ಕಡ್ಡಿ ಅವಳದಾಯಿತು. ಮಾವನವರು, “ಇನ್ ಮ್ಯಾಕೆ ಕಣ್ಣು ಚಿಕ್ಕವಳೇ ಬರೀಲಿ. ನೀನು ಕನ್ನಡಿ ಹಿಡ್ಕೊಳವ್ವ” ಎಂದುಬಿಟ್ಟರು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಎಲ್ಲವೂ ಚಿಕ್ಕವಳೇ. ಹಾಲಿನ ಕೆನೆ ಚಿಕ್ಕವಳಿಗೆ, ಅವಳ ಕೈ ಒರಟಾಗುತ್ತದೆ ಎಂದು ಪಾತ್ರೆ ತಿಕ್ಕುವುದು ನನಗೆ. ಬಂದವರೆಲ್ಲ, “ಚಿಕ್ಕಮ್ಮೋರ ಕೈಯಾಗೇ ಕಣ್ಣು ಬರೆಸ್ಬೇಕು” ಎಂದು ಮೊದಲೇ ಹೇಳಿ ಹೋಗುತ್ತಿದ್ದರು. ತಿಂಗಳುಗಟ್ಟಲೆ ಬೆನ್ನು ಬಗ್ಗಿಸಿ ಮಂಜಿಷ್ಠದ ಕೆಂಪು, ನೀಲಿ, ಹಳದಿ ತುಂಬಿದವಳು ನಾನು. ಇವಳು ಶುಕ್ರವಾರ ಬಂದು ಎರಡು ಕಣ್ಣು ಬರೆದು ಎದ್ದರೆ ಪರದೆ ಇವಳದು! ಹೊಟ್ಟೆ ಉರಿಯದೆ ಇರುತ್ತದೆಯೇ? ಉರಿಯಲಿಲ್ಲ ಎನ್ನುವವರಿದ್ದರೆ ನನ್ನ ಮುಂದೆ ಬಂದು ಹೇಳಲಿ.

ಅವಳು ಜಗಳಗಂಟಿಯಾಗಿದ್ದರೆ ಎಷ್ಟು ಸುಖವಾಗಿತ್ತು. ಅಲ್ಲವೇ ಅಲ್ಲ. ಒಂದು ಮೊಳ ಕನಕಾಂಬರ ಬಂದರೆ ಅರ್ಧ ಹರಿದು, “ಅಕ್ಕಾ, ಇದು ನಿಂಗೆ” ಎಂದು ತರುತ್ತಿದ್ದಳು. ನಾನು ಮುಡಿಯದೆ ದೇವರಿಗೆ ಏರಿಸುತ್ತಿದ್ದೆ. ಅವಳು ಅದಕ್ಕೂ, “ಒಳ್ಳೇದಾಯ್ತು ಬುಡು” ಎಂದು ನಗುತ್ತಿದ್ದಳು. ಥೂ, ಇಂಥವಳನ್ನು ಬೈಯಲೂ ಒಂದು ಕಾರಣ ಸಿಗುವುದಿಲ್ಲವಲ್ಲ ಎಂದು ಒಲೆಯ ಮುಂದೆ ಕೂತು ಅತ್ತಿದ್ದೇನೆ.

ಒಂದು ಕೆಲಸ ಮಾತ್ರ ಬಿಡಲಿಲ್ಲ. ಕನ್ನಡಿಯನ್ನು ಎದೆಗವಚಿ ನಿಂತು ಅವಳ ಕೈ ನೋಡುತ್ತಿದ್ದೆ. ಕಡ್ಡಿಗೆ ಸುತ್ತಿದ ಉಣ್ಣೆಯನ್ನು ಹಿಂಡಿ ಕರಿಯನ್ನು ತುದಿಗೆ ಇಳಿಸುವುದು, ಎಡಗೈ ಮುಷ್ಟಿಯ ಮೇಲೆ ಬಲಗೈ ಮಣಿಕಟ್ಟನ್ನು ಊರುವುದು, ಮೂಗಿನ ಕಡೆಯಿಂದ ಹೊರಟು ಉಸಿರು ಬಿಡುತ್ತಾ ರೆಪ್ಪೆ ಎಳೆಯುವುದು, ಏರಲೆಂದು ಕಾಯುವುದು. ಅವಳು ಒಂದು ದಿನವೂ ಕೈ ಮರೆಮಾಡಲಿಲ್ಲ. ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಮೊರದಲ್ಲಿ ರಾಗಿ ಹಿಟ್ಟು ಹರಡಿ, ಕಡ್ಡಿಯಲ್ಲಿ ಅವಳ ಕಣ್ಣನ್ನೇ ಬರೆದು ಅಳಿಸುತ್ತಿದ್ದೆ. ಆಮೇಲೆ ಅದೇ ಹಿಟ್ಟಿನಲ್ಲಿ ಮುದ್ದೆ. ಅತ್ತೆ ಅದೆಷ್ಟು ಕಣ್ಣು ನುಂಗಿದರೋ ದೇವರೇ ಬಲ್ಲ.

ಹೀಗೆ ವರ್ಷಗಳು ಹೋದವು. ಯುದ್ಧದ ಕಾಲ ಬಂತು, ಪೆಟ್ರೋಲು ಸಿಗದೆ ಬಸ್ಸುಗಳ ಬೆನ್ನಿಗೆ ಇದ್ದಿಲ ಒಲೆ ಕಟ್ಟಿದರು. ಅಂಥದೊಂದು ಬಸ್ಸು ಹತ್ತಿ ಅವಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದಳು. ಅವಳು ಹೋದ ಮೇಲೆ ಮಿಡಿಗೇಶಿಯ ಕಡೆಯ ಊರೊಂದರಿಂದ ಗುಡಿಯವರು ಬಂದು ತಮ್ಮ ಪರದೆ ಕೇಳಿದರು. ಬಣ್ಣವೆಲ್ಲ ಮುಗಿದು, ಕಣ್ಣೊಂದು ಬಾಕಿ. ಮಾವನವರು ಚಿಕ್ಕವಳು ಬರಲಿ ಎಂದರು. ಪೂಜೆ ಗೊತ್ತಾಗಿದೆ, ಕಾಯಲಾಗದು ಎಂದು ಅವರು ಪಟ್ಟು ಹಿಡಿದರು. ನಾನು ಯಾರನ್ನೂ ಕೇಳಲಿಲ್ಲ. ಶುಕ್ರವಾರ ತಲೆಗೆ ನೀರು ಹಾಕಿಕೊಂಡು ಬಂದು ಪರದೆಯ ಮುಂದೆ ಕೂತೆ. ಅತ್ತೆ ಗೊಣಗುತ್ತಲೇ ಕನ್ನಡಿ ತಂದರು.

ಮೊರದ ಹಿಟ್ಟಿನಲ್ಲಿ ಬರೆದ ಹಾಗೆಯೇ ಬರೆದೆ.

ಮಾವನವರು ಬಂದು ಬಟ್ಟೆಗೆ ಮೂಗು ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಬಹಳ ಹೊತ್ತು ನೋಡಿದರು. ಅವರ ಬಾಯಿಂದ ಏನು ಬರುತ್ತದೋ ಎಂದು ನಾನು ಕಡ್ಡಿ ಹಿಡಿದೇ ನಿಂತಿದ್ದೆ.

“ಚಿಕ್ಕವಳು ಯಾವಾಗ್ ಬಂದ್ಲು?” ಎಂದು ಕೇಳಿದರು.

ನನಗೆ ಕಪಾಳಕ್ಕೆ ಹೊಡೆದಂತಾಯಿತು. “ಯಾರೂ ಬಂದಿಲ್ಲ ಮಾವಾ! ನಾನು ಬರ್ದಿದ್ದು, ನಾನು!” ಎಂದು ಕಿರುಚಿದೆ. ಮಾವನವರ ಮುಂದೆ ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಅವರು ನಂಬಲಿಲ್ಲ ಎಂದಲ್ಲ. “ಹಂಗಾದ್ರೆ ಅವಳ ಕೈಯೇ ನಿಂಗೆ ಬಂದ್ಬುಟ್ಟೈತೆ” ಎಂದು ಮೆಚ್ಚಿಕೊಂಡೇ ಹೇಳಿದರು. ಗುಡಿಯವರೂ ಅವಳೇ ಬಂದು ಬರೆದಳೆಂದುಕೊಂಡು, ಪರದೆ ಮಡಿಸಿಕೊಂಡು ಹೋಗುವಾಗ, “ಚಿಕ್ಕಮ್ಮೋರಿಗೆ ನಮಸ್ಕಾರ ಹೇಳ್ರಿ” ಎಂದರು. ನನ್ನ ಯಜಮಾನರು ಆಗಲಿ ಎಂದು ತಲೆ ಆಡಿಸಿದರು, ಮಹಾನುಭಾವರು. ವರ್ಷಗಟ್ಟಲೆ ಬಯಸಿದ್ದು ಕೈಗೆ ಬಂದಾಗಲೂ ಅದರ ಮೇಲೆ ಅವಳದೇ ಗುರುತು. ಅವತ್ತು ನಾನು ಮುದ್ದೆ ಮುರಿಯಲಿಲ್ಲ.

ಆಮೇಲೆ ಇನ್ನೊಂದು ಪರದೆಗೂ ನಾನೇ ಕಣ್ಣು ಬರೆದೆ. ಈ ಸಲ ಹಟ ಬಂದಿತ್ತು. ಅವಳಂತೆ ಕಿವಿಯ ತನಕ ಎಳೆಯದೆ ರೆಪ್ಪೆಯನ್ನು ಸ್ವಲ್ಪ ಕೆಳಗೆ ಬಾಗಿಸಿದೆ, ಕಾಲ ಬಳಿ ಕೂತವರನ್ನು ನೋಡುವ ಹಾಗೆ. ಆ ಪರದೆ ಇನ್ನೂ ಮನೆಯಲ್ಲಿದ್ದಾಗಲೇ ಅವಳು ಮಗು ಎತ್ತಿಕೊಂಡು ಬಂದಳು. ಒಳಗೆ ಕಾಲಿಟ್ಟವಳು ಗೋಡೆಗೆ ಇಳಿಬಿಟ್ಟಿದ್ದ ಪರದೆ ನೋಡಿ ಅಲ್ಲೇ ನಿಂತಳು.

“ನೋಡು ಚಿಕ್ಕವಳೇ, ನಿನ್ ಕೈ ಹೆಂಗೆ ಕದ್ದವಳೆ ನಿಮ್ಮಕ್ಕ!” ಎಂದು ಅತ್ತೆ ನಕ್ಕರು.

ಅವಳು ನಗಲಿಲ್ಲ. ಮಗುವನ್ನು ಅತ್ತೆಯ ಕೈಗೆ ಕೊಟ್ಟು ಹತ್ತಿರ ಹೋಗಿ ನೋಡಿದಳು. “ಚಾಲಾ ಬಾಗುಂದಿ,” ಎಂದಳು, ಬಹಳ ಚೆನ್ನಾಗಿದೆ ಎಂದು, ತನಗೆ ತಾನೇ. ಆಮೇಲೆ ಕನ್ನಡದಲ್ಲಿ, “ಇದು ನನ್ ಕೈ ಅಲ್ಲ ಅತ್ತೆ. ನಾನು ಬರೆದ ಅಮ್ಮ ದೂರಕ್ಕೆ ನೋಡ್ತಾಳೆ. ಇವ್ಳು ನಮ್ಮನ್ನೇ ನೋಡ್ತಾವ್ಳೆ” ಎಂದಳು. ಸುಳ್ಳು ಹೇಳಲು ಬಾರದ ಹೆಂಗಸು, ಇದ್ದದ್ದನ್ನು ಹೇಳಿ ಕೆಟ್ಟಳು.

ಮಾವನವರು ಪಡಸಾಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದರು. “ಅಂಗಾರೆ ಕಡ್ಡಿ ದೊಡ್ಡವಳ ಹತ್ರನೇ ಇರ್ಲಿ. ನೀನು ಮಗೀನ್ ತಾಯಿ, ಕನ್ನಡಿ ಹಿಡಿ ಸಾಕು” ಎಂದರು. ಅವಳು ಹೂಂ ಎಂದಳು. ಆದರೆ ಅವಳ ಮುಖ ಬಿದ್ದುಹೋಗಿತ್ತು. ಅಯ್ಯೋ ಪಾಪ ಎನಿಸಬೇಕಿತ್ತು, ಎನಿಸಲಿಲ್ಲ. ಅವತ್ತು ಎರಡು ಮುದ್ದೆ ಉಂಡೆ.

ಮುಂದೆ ಬಂದದ್ದು ರೇಷ್ಮೆ ಪರದೆ. ಶುಕ್ರವಾರ ಕೂತೆ. ಎದುರಿಗೆ, ಪಕ್ಕಕ್ಕೆ ಸರಿದು, ಕನ್ನಡಿಯನ್ನು ಎದೆಗವಚಿ ಅವಳು ನಿಂತಳು. ಉಣ್ಣೆ ಹಿಂಡಿ ಎಡಗಣ್ಣಿನ ರೆಪ್ಪೆ ಎಳೆದೆ. ಮಾಸಲಾಗಿ ಕಂಡಿತು. ಮತ್ತೆ ಮುಟ್ಟಲಿಲ್ಲ, ಏರಲಿ ಎಂದು ಕಾಯುತ್ತಾ ತಲೆ ಎತ್ತಿದೆ. ಕನ್ನಡಿಯ ಮೇಲಂಚಿನಿಂದ ಅವಳು ನನ್ನ ಬೆರಳುಗಳನ್ನೇ ನೋಡುತ್ತಿದ್ದಳು, ರೆಪ್ಪೆ ಬಡಿಯದೆ, ತುಟಿ ಕಚ್ಚಿಕೊಂಡು. ಒಳಗೆ ಮಗು ಅಳುತ್ತಿದ್ದರೂ ಅವಳಿಗೆ ಕೇಳಿಸಲಿಲ್ಲ. ಆ ನೋಟ ನನಗೆ ಗೊತ್ತಿಲ್ಲವೇ? ಅದೇ ಜಾಗದಲ್ಲಿ, ಅದೇ ಕನ್ನಡಿ ಹಿಡಿದು ಹಾಗೆ ನೋಡಿದವಳು ನಾನೇ.

ಬಲಗಣ್ಣು ಇನ್ನೂ ಬಾಕಿ ಇತ್ತು. ಸೆರಗನ್ನು ಎಳೆದು ಕೈಗೆ ಮರೆ ಮಾಡಿಕೊಂಡು ಬರೆದೆ.