ಅಡಿ ನೋಡುವ ಅಂಕಲ್

ಹಳೆಯ ಕಾರು ಕೊಳ್ಳುವವರು ಬಣ್ಣ ನೋಡುತ್ತಾರೆ. ಕಂಕನಾಡಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್ ಹಾಗಲ್ಲ. "ಮೇಲೆ ಎಂತ ಉಂಟು ಮಾರಾಯ, ಅಡಿ ನೋಡುವ" ಎನ್ನುತ್ತ, ಉಟ್ಟ ಬಿಳಿ ಪಂಚೆಯಲ್ಲೇ ಕಾರಿನಡಿ ನುಗ್ಗುತ್ತಿದ್ದರು.

ಸುರತ್ಕಲ್‌ನಲ್ಲಿ ಕೆಂಪು ಸ್ಪೋರ್ಟ್ಸ್ ಕಾರೊಂದು ಮಾರಾಟಕ್ಕಿತ್ತು. ಎರಡೇ ಬಾಗಿಲು, ನೆಲಕ್ಕೆ ತಾಗುವಷ್ಟು ತಗ್ಗು! ಕೊಂಡರೆ ಇದನ್ನೇ ಎಂದು ಅಂಕಲ್ ಅವರನ್ನು ಕರೆದುಕೊಂಡು ಹೋದೆ. ಅಂಕಲ್ ಬಾಗಿಲ ಕೆಳಗಿನ ಪಟ್ಟಿಗೆ ಅಯಸ್ಕಾಂತ ಹಿಡಿದರು. ಅದು ಅಂಟದೆ ಜಾರಿ ಬಿತ್ತು. "ತಗಡೇ ಇಲ್ಲ, ಬರೀ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ. ಉಪ್ಪುಗಾಳಿ ತಿಂದು ಹಾಕಿದೆ." ಬಾನೆಟ್ಟು ಎತ್ತಿ, ಶಾಕ್ ಅಬ್ಸಾರ್ಬರ್ ಕೂರುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು ತೋರಿಸಿದರು. ಆಮೇಲೆ ಹೇಗೋ ಅಡಿಗೆ ತೂರಿಕೊಂಡು, "ಚಾಸಿಸ್ ಕೂಡ ಬಗ್ಗಿದೆ!" ಎಂದು ಕೂಗಿದರು. ನಿಧಿ ಸಿಕ್ಕಿದವರ ಸ್ವರ ಅದು. ಹೊರಬಂದು, ಮೈ ಕೊಡವಿ, "ನಿನಗೆ ಇದು ಬೇಡ" ಎಂದರು.

ಮುಂದಿನ ವಾರ ಅದೇ ಕಾರು ಅವರ ಅಂಗಳದಲ್ಲಿ! ಸಿಟ್ಟಿನಿಂದ ಓಡಿದೆ. ಕಾರಿನಡಿಯಿಂದ ಅಂಕಲ್ ಅವರ ಕಾಲುಗಳು ಮಾತ್ರ ಕಾಣುತ್ತಿದ್ದವು.

"ಬೇಡ ಅಂದದ್ದು ನೀವೇ ಅಲ್ವಾ?"

"ನಿನಗೆ ಬೇಕಾದದ್ದು ಓಡಿಸಲಿಕ್ಕೆ ಕಾರು," ಅಡಿಯಿಂದ ಉತ್ತರ ಬಂತು. "ನನಗೆ ಅಡಿಯಲ್ಲಿ ಮಲಗಲಿಕ್ಕೆ. ಬಾ, ಬಾ, ಎಂಥಾ ಬಿರುಕು ಮಾರಾಯ! ಟಾರ್ಚು ಹಿಡಿ."