ಕೋಳಿ ಹೊರಹಾಕಿದ ಮೂರು ತತ್ತಿ

ಕುರಕುಂಟಾದಲ್ಲಿರುವ ನನ್ನ ಕಾಕಿಯ ಹಿತ್ತಲಿಗೆ ನೀವು ಎಂದಾದರೂ ಬಂದರೆ, ಬದನೆ ಗಿಡಗಳ ನಡುವೆ ತುರುತುರು ಓಡಾಡುವ ಎರಡು ಬಾತುಕೋಳಿಗಳನ್ನು ಕಣ್ತುಂಬ ನೋಡುವ ಮೊದಲೇ ಅವುಗಳ ಜನ್ಮಕಥೆ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಕಾವಿಗೆ ಕೂತ ಕೋಳಿಯ ಕೆಳಗೆ ಕಾಕಿ ಬಾತುವಿನ ಆರು ತತ್ತಿ ಇಟ್ಟಳಂತೆ. ಇವು ತನ್ನವಲ್ಲವೆಂದು ಕೋಳಿಗೆ ಅನುಮಾನ ಬಂದು ಮೂರನ್ನು ಹೊರಗೆ ಒದ್ದಿತಂತೆ. ಪಕ್ಕದ ಮನೆಯ ಶಾಂತಮ್ಮ ಪ್ರತಿ ಸಲವೂ, "ತನ್ನ ಹೊಟ್ಟೀದು ಯಾವ್ದು, ಮಂದೀದು ಯಾವ್ದು, ಕೋಳಿಗಿ ಗೊತ್ತಾಗಂಗಿಲ್ಲೇನವ್ವಾ" ಎಂದು ತೀರ್ಪು ಕೊಡುತ್ತಾರೆ.

ಆದರೆ ನೀವೇ ಹೇಳಿ, ಆರರಲ್ಲಿ ಮೂರರ ಮೇಲಷ್ಟೇ ಅನುಮಾನ ಪಡಲು ಆ ಕೋಳಿ ಯಾವ ತರ್ಕಶಾಸ್ತ್ರ ಓದಿತ್ತು? ಉಳಿದ ಮೂರೂ ಬಾತುವಿನವೇ ಅಲ್ಲವೆ? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇದಕ್ಕಿಂತ ಗಟ್ಟಿ ವಾದಗಳನ್ನು ಮೂರು ನಿಮಿಷದಲ್ಲಿ ಕೆಡವಿದವಳು ನಾನು. ಈ ಕಥೆ ಶುರುವಾದಾಗ ಮಾತ್ರ ತುಟಿ ಬಿಚ್ಚುವುದಿಲ್ಲ. ಎದ್ದು ಹೋಗಿ ಬಾತುಗಳ ತೊಟ್ಟಿಗೆ ನೀರು ತುಂಬುತ್ತೇನೆ. ತುಂಬಿದ್ದನ್ನು ಚೆಲ್ಲಿ ಮತ್ತೆ ತುಂಬುತ್ತೇನೆ. ಆ ಮೂರು ತತ್ತಿಗಳನ್ನು ಹೊರಹಾಕಿದ್ದು ನಾನು.

ತತ್ತಿ ಕೊಟ್ಟವನು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿರುವ ಕಾಕಿಯ ತಮ್ಮ. ಬಾತು ಮರಿ ಹೊರಬರಲು ನಾಲ್ಕು ವಾರ ಬೇಕೆಂದು ಅವನೇ ಹೇಳಿದ್ದ. ಕೋಳಿಮರಿಗೆ ಮೂರು ವಾರ ಎಂಬುದು ನನಗೆ ಗೊತ್ತಿತ್ತು. ನನಗೆ ಗೊತ್ತಿದ್ದದ್ದು ಅಷ್ಟೇ. ರಜೆಗೆ ಹೋದವಳು, ತತ್ತಿಗಳನ್ನು ಕಾವಿಗಿಟ್ಟ ಇಪ್ಪತ್ನಾಲ್ಕನೆಯ ದಿನ, ಕೋಳಿ ಕೂತಿದ್ದ ಬುಟ್ಟಿಯ ಮುಂದೆ ಕುಳಿತು ವಾದಕ್ಕಿಳಿದೆ.

"ಕೆಟ್ಟ ತತ್ತಿ ಸಲುವಾಗಿ ಕೋಳಿ ಉಪಾಸ ಸಾಯ್ಲಿಕತ್ತದ ನೋಡು."

"ನಾಕ್ ವಾರ ಅಂತ ನಮ್ ತಮ್ಮ ಹೇಳ್ಯಾನವ್ವಾ."

"ಅವನಿಗಿ ಯಾರ್ ಹೇಳ್ಯಾರ?"

ಕಾಕಿ, "ಉಗುರು ಬೆಚ್ಚಗಿನ ನೀರಾಗ ಬಿಟ್ಟು ನೋಡೂಣು. ಒಳಗ ಜೀವ ಇದ್ರ ತತ್ತಿ ತಾನೇ ಅಲ್ಲಾಡ್ತದ" ಎಂದಳು.

"ನೀರಾಗ ಬಿಟ್ರ ತೆಂಗಿನಕಾಯಿನೂ ಅಲ್ಲಾಡ್ತದ, ಕಾಕಿ."

ಅವಳು ನಕ್ಕುಬಿಟ್ಟಳು. "ನಿನ್ನ ಬಾಯಿಗಿ ಯಾರ್ ಹತ್ತಬೇಕ ಬೇ! ನೀ ಭಾಳ ಓದ್ದಾಕಿ." ಆ ನಗೆಯನ್ನು ಒಪ್ಪಿಗೆಯೆಂದು ತಿಳಿದು ನಾನು ಬುಟ್ಟಿಗೆ ಕೈ ಹಾಕಿದೆ.

ಮೊದಲೆರಡನ್ನು ತಿಪ್ಪೆಗೆ ಎಸೆದಾಗ ಅವು ಏನಾದವೆಂದು ನಾನು ಕಣ್ಣೆತ್ತಿಯೂ ನೋಡಲಿಲ್ಲ. ಮೂರನೆಯದು ಕೈಜಾರಿ, ಕೆಳಗೆ ಹಾಸಿದ ಪರ್ಸಿ ಕಲ್ಲಿನ ಮೇಲೆ ನನ್ನ ಕಾಲ ಬಳಿಯೇ ಒಡೆಯಿತು. ಒಳಗೆ ಒದ್ದೆ ಪುಕ್ಕ, ಚಪ್ಪಟೆ ಕೊಕ್ಕು. ಆ ಕೊಕ್ಕು ಒಮ್ಮೆ ತೆರೆದು ಮುಚ್ಚಿತು. ಕಾಕಿ ಓಡಿಬಂದು ಅದನ್ನು ಸೆರಗಿನಲ್ಲಿ ಎತ್ತಿಕೊಂಡು, ಪೂರ್ತಿ ತಣ್ಣಗಾಗುವವರೆಗೂ ಅಂಗೈ ಮುಚ್ಚಿ ಕುಳಿತಿದ್ದಳು. ಬುಟ್ಟಿಯಲ್ಲಿ ಉಳಿದ ಮೂರರಲ್ಲಿ ಎರಡು, ಕಾಕಿಯ ತಮ್ಮ ಹೇಳಿದ ನಾಲ್ಕು ವಾರ ತುಂಬುತ್ತಲೇ, ಚಿಪ್ಪು ಬಿರಿದವು.

ಎಲ್ಲಕ್ಕೂ ಪುರಾವೆ ಕೇಳುತ್ತೇನೆಂದು ಬೀಗುವ ನನಗೆ ಅಂದು ಒಂದು ಬೋಗುಣಿ ಬೆಚ್ಚನೆಯ ನೀರು ಸಾಕಿತ್ತು. ಪರೀಕ್ಷಿಸಿ ನೋಡೋಣ ಎಂದವಳು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅದನ್ನು ತಮಾಷೆ ಮಾಡಿ ತಳ್ಳಿದವಳು ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ಪುಗಳನ್ನು ಕಪಾಟಿನ ತುಂಬ ಇಟ್ಟವಳು. ಸಂದೇಹವೆಂಬುದು ತನ್ನ ಮೇಲೆಯೇ ತಿರುಗದಿದ್ದರೆ ಅದೂ ಒಂದು ಬಗೆಯ ಅಂಧಶ್ರದ್ಧೆಯೇನೋ. ಹೀಗೆಂದು ಬರೆದು ಹಗುರಾಗಬಹುದಿತ್ತು, ಆಗುತ್ತಿಲ್ಲ. ಕೋಳಿಯ ಕಥೆಯನ್ನು ಕಾಕಿ ಅಂದು ಸಂಜೆಯೇ ಕಟ್ಟಿದಳು, ನನ್ನೆದುರಿಗೇ, ನನ್ನ ಮುಖ ನೋಡದೆ. ನಾಲ್ಕು ವಾರ ಕದಲದೆ ಕೂತ ಮೂಕಪ್ರಾಣಿಯ ಮೇಲೆ ನನ್ನ ತಪ್ಪು ಹೊರಿಸಿದ್ದು ಪ್ರೀತಿಯಿಂದಲೋ, ಓದಿದವಳೊಡನೆ ವಾದವೇಕೆಂಬ ಅದೇ ಹಳೆಯ ಅಂಜಿಕೆಯಿಂದಲೋ? ಪ್ರೀತಿಯಾದರೆ ಋಣ ತೀರಿಸಬಹುದು. ಅಂಜಿಕೆಯಾದರೆ ಅದನ್ನು ಅವಳಲ್ಲಿ ಬಿತ್ತಿದವಳು ನಾನೇ.

ಮೊನ್ನೆ ಶಾಂತಮ್ಮ ಮತ್ತೊಮ್ಮೆ ತೀರ್ಪು ಕೊಟ್ಟು ಮನೆಗೆ ಹೋದರು. ಬಾತುಗಳಿಗೆ ನುಚ್ಚು ಎರಚುತ್ತಿದ್ದ ಕಾಕಿಯ ಪಕ್ಕ ನಿಂತು, ಕೊನೆಗೂ ಕೇಳಿದೆ:

"ಕಾಕಿ, ಒಳಗ ಜೀವ ಅದ ಅಂತ ನಿನಗ ಅನ್ಸಿತ್ತಲ್ಲ. ಮತ್ತ ನನ್ನ ಕೈ ಯಾಕ ಹಿಡೀಲಿಲ್ಲ?"