ಸೊಪ್ಪಿನ ಡಾಕ್ಟ್ರ ಊಟ

ನಮ್ಮ ಪ್ರಯೋಗಾಲಯದ ಸೊಪ್ಪಿನ ಡಾಕ್ಟ್ರ ಕಾಟ ಅನುಭವಿಸಿದವರಿಗೇ ಗೊತ್ತು. ಕ್ಯಾನ್ಸರಿಗೆ ಕೊಡುವ ರೇಡಿಯೇಷನ್ನಿನಿಂದ ಸುಟ್ಟುಹೋದ ಕರುಳನ್ನು ವಾಸಿಮಾಡುವ ಸತ್ವ ಯಾವುದೋ ಗಿಡದಲ್ಲಿ ಇದ್ದೇ ಇದೆಯೆಂದು ಒಂಬತ್ತು ವರ್ಷದಿಂದ ಎಲೆ ಅರೆಯುತ್ತಿದ್ದಾರೆ. ಫ್ರಿಜ್ಜಿನ ತುಂಬ ಅವರ ಹಸಿರು ಸೀಸೆಗಳೇ. ಕೆಲಸಕ್ಕೆ ಬಾರದವಕ್ಕೆ ‘ಇದಲ್ಲ’ ಎಂದು ಚೀಟಿ ಅಂಟಿಸಿ ಇಡುತ್ತಾರೆಯೇ ಹೊರತು ಎಸೆಯಗೊಡುವುದಿಲ್ಲ. “ಬಿಸಾಕಿದ್ರೆ ಮರೆತು ಮತ್ತೆ ಅದನ್ನೇ ಅರೀತೀವಿ ಕಣ್ರೀ!” ಊಟದ ಹೊತ್ತಿಗೆ ಇಲಿಯ ಕರುಳಿನ ವರ್ಣನೆ ಬೇರೆ. ನಮಗೆ ತುತ್ತು ಇಳಿಯದಂತೆ ಮಾಡಿ, ನಮ್ಮ ಡಬ್ಬಿಗಳಿಗೇ ಕೈ ಹಾಕಿ, ಕರಿದದ್ದು ಖಾರದ್ದು ಆರಿಸಿಕೊಂಡು ತಿನ್ನುತ್ತಾರೆ. ತಮ್ಮದೊಂದು ಡಬ್ಬಿ ತಂದವರೇ ಅಲ್ಲ. “ನಿಮ್ಮನೇಲಿ ಒಲೆ ಹಚ್ಚಲ್ವಾ ಸಾರ್?” ಎಂದು ಕೇಳಿಯೇ ಬಿಡೋಣವೆಂದು ನಿನ್ನೆ ಬಾಯಿ ತೆರೆದೆ. ಅಷ್ಟರಲ್ಲಿ ಅವರ ಹೆಂಡತಿಯ ಫೋನು ಬಂತು. ಕೈಯೆಲ್ಲ ಎಣ್ಣೆಯಾಗಿದ್ದರಿಂದ ಮೊಣಕೈಯಲ್ಲಿ ಸ್ಪೀಕರ್ ಒತ್ತಿದರು. “ಮನೇಲಂತೂ ನನ್ ಜೊತೆ ಬರೀ ಗಂಜಿ ಕುಡೀತೀರ. ರೇಡಿಯೇಷನ್ನಲ್ಲಿ ಸುಟ್ಟಿದ್ದು ನನ್ ಕರುಳು ಕಣ್ರೀ, ನಿಮ್ದಲ್ಲ. ಅಲ್ಲಾದ್ರೂ ರುಚಿಯಾಗಿ ಏನಾದ್ರೂ ತಿನ್ರೀ,” ಎಂದಿತು ಸಣ್ಣ ದನಿ. “ನಿನ್ನ ಬಿಟ್ಟು ಹೆಂಗೆ ತಿನ್ಲೇ? ಇಲ್ಲೂ ಗಂಜಿನೇ,” ಎಂದರು ಡಾಕ್ಟ್ರು, ನನ್ನ ಡಬ್ಬಿಯ ಮೆಣಸಿನಕಾಯಿಯನ್ನು ಸದ್ದಾಗದಂತೆ ದವಡೆಗೆ ಒತ್ತಿಕೊಂಡು.